ತಣ್ಣಗಿರೋ ರೂಮಿಗೆ ಸಾಧು ಸ್ವಭಾವದ ಚೇಳು ಯಾವ್ದು? ಹೀಟರ್ ಇಲ್ದೆ ಸಾಕ್ಬೋದಾ?

ಚಳಿಮನೆ
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಬಾಯಿ ಬಿಡ್ತಿದೀನಿ. ನಾಲ್ಕು ವರ್ಷ ಟರಾಂಟುಲಾ ಜೇಡ ಸಾಕಿದ ಅನುಭವ ಇದೆ, ಚೇಳು ಮಾತ್ರ ಇದೇ ಮೊದಲು. ಸಮಸ್ಯೆ ಏನಂದ್ರೆ ನನ್ನ ರೂಮು ಯಾವಾಗ್ಲೂ ತಣ್ಣಗೇ ಇರತ್ತೆ. ಹಗಲು 19-20 ಡಿಗ್ರಿ, ರಾತ್ರಿ 17 ಅಂದ್ಕೊಳ್ಳಿ, ಬೇಸಿಗೇಲೂ 24 ದಾಟಿದ್ದು ನೆನಪಿಲ್ಲ. ಹೀಟ್ ಮ್ಯಾಟು ಗೀಟ್ ಮ್ಯಾಟು ಇಡಕ್ಕೆ ಮನಸ್ಸಿಲ್ಲ, ಮನೇಲಿ ಯಾರೂ ಇಲ್ದೇ ಇರೋ ಹೊತ್ತಲ್ಲೂ ವೈರು ಬಿಸಿ ಆಗ್ತಾನೇ ಇರತ್ತಲ್ಲ ಅನ್ನೋ ಭಯ.

ಚೇಳು ಸಾಧು ಆಗಿರ್ಬೇಕು, ಮಾತೆತ್ತಿದ್ರೆ ಕೊಂಡಿ ಎತ್ಕೊಂಡು ಬರೋದು ಬೇಡ, ಕಣ್ಣಿಗೆ ಕಾಣೋ ಅಷ್ಟು ದೊಡ್ಡದಿದ್ರೆ ಇನ್ನೂ ಒಳ್ಳೇದು. ನನ್ ಫ್ರೆಂಡ್ ಹತ್ರ ಒಂದು ಎಂಪರರ್ ಚೇಳಿದೆ. ಅವನ ಮನೇನೂ ನಮ್ಮನೆ ಥರಾನೇ ತಣ್ಣಗೆ, ಹೀಟರ್ ಇಲ್ಲ. ಅಂಗೈ ಮೇಲೆ ಇಟ್ಕೊಂಡ್ರೂ ಕೊಂಡಿ ಎತ್ತಲ್ಲ, ಇಕ್ಕಳ ಅಗಲಿಸಲ್ಲ, ಕಲ್ಲಿನ ಥರ ಕೂತಿರತ್ತೆ. ಅಷ್ಟು ಪಾಪದ ಪ್ರಾಣಿ ನಾನು ನೋಡೇ ಇಲ್ಲ. ಅದನ್ನೇ ತಗೊಂಡ್ಬಿಡ್ಲಾ, ಇಲ್ಲ ಬೇರೆ ಏನಾದ್ರೂ ಇದ್ಯಾ? ಮಾರೋರು ಡೆಸರ್ಟ್ ಹೇರಿ ಮತ್ತೆ ಫ್ಲ್ಯಾಟ್ ರಾಕ್ ಅಂತಾನೂ ಹೇಳಿದ್ರು.

ಸುಮ್ನೆ_ಬಂದೆ
ಇರಲಾರದೋನು ಇರುವೆ ಬಿಟ್ಕೊಂಡ ಅಂತಾರೆ. ನೀವು ಇರುವೆಗೆ ನಿಲ್ಲಿಸ್ಲಿಲ್ಲ ನೋಡಿ, ಸೀದಾ ಚೇಳು 😂

ಜಿರಳೆರಾಜ
ಕಣ್ಮುಚ್ಚಿ ಎಂಪರರ್ ತಗೊಳ್ಳಿ ಮೇಡಂ. ಹೊಸಬರಿಗೆ ಅದಕ್ಕಿಂತ ಒಳ್ಳೇದಿಲ್ಲ. ನಂದು ಮೂರು ವರ್ಷದಿಂದ ಬರೀ ರೂಮ್ ಟೆಂಪರೇಚರಲ್ಲೇ ಇದೆ, ಹೀಟರ್ ಮುಖಾನೇ ನೋಡಿಲ್ಲ, ಆರಾಮಾಗಿದೆ.

ಕಲ್ಲುಸಂದಿ
ದಯವಿಟ್ಟು ಬೇಡ. ಎಂಪರರ್ ಕೆಟ್ಟ ಚೇಳು ಅಂತ ಅಲ್ಲ, ಆ ರೂಮಿಗೆ ಅದು ಬೇಡ.

ಚಳಿಮನೆಯವ್ರೇ, ನಿಮ್ಮ ಫ್ರೆಂಡ್ ಮನೇಲಿ ಇರೋ ಚೇಳು ಸಾಧು ಅಲ್ಲ. ಅದಕ್ಕೆ ಚಳಿ ಆಗಿದೆ. ಇದನ್ನ ನಾನು ಓದಿ ಹೇಳ್ತಿಲ್ಲ, ಮಾಡಿ ಕೆಟ್ಟು ಹೇಳ್ತಿದೀನಿ. ನನ್ನ ಮೊದಲ ಎಂಪರರನ್ನೂ 18-19 ಡಿಗ್ರೀಲಿ ಇಟ್ಟಿದ್ದೆ, ಬಂದೋರಿಗೆಲ್ಲ ಕೈ ಮೇಲೆ ಬಿಟ್ಕೊಂಡು ತೋರ್ಸೋದೇನು, ಫೋಟೋ ತೆಗೆಸ್ಕೊಳ್ಳೋದೇನು, ಎಷ್ಟು ಒಳ್ಳೇದಪ್ಪ ನಮ್ಮ ಚೇಳು ಅಂತ ಜಂಬ ಬೇರೆ. ತಿಂಗಳಾದ್ರೂ ಹುಳ ತಿನ್ಲಿಲ್ಲ, ಚೇಳು ಉಪವಾಸ ಮಾಡತ್ತಂತೆ ಬಿಡು ಅಂದ್ಕೊಂಡೆ. ಎರಡನೇ ತಿಂಗಳು ಒಂದಿನ ಬಾಲ ನೆಲಕ್ಕೆ ಚಾಚ್ಕೊಂಡು ಬಿದ್ದಿತ್ತು. ಅಷ್ಟೇ.

ಅದು ಪಶ್ಚಿಮ ಆಫ್ರಿಕಾದ ಬಿಸಿ, ತೇವದ ಕಾಡಿನ ಪ್ರಾಣಿ. 26ರಿಂದ 30 ಡಿಗ್ರಿ ಬೇಕು. ಚೇಳಿಗೆ ನಮ್ಮ ಥರ ಮೈಯೊಳಗೆ ಒಲೆ ಇಲ್ಲ, ಸುತ್ತಲಿನ ಬಿಸೀನೇ ಅದರ ಬಿಸಿ. ಥಂಡಿ ಆದ್ರೆ ತಿಂದಿದ್ದು ಅರಗಲ್ಲ, ಪೊರೆ ಬಿಡಕ್ಕೆ ಶಕ್ತಿ ಸಾಲಲ್ಲ, ಕೊಂಡಿ ಎತ್ತಕ್ಕೂ ಆಗಲ್ಲ. ಆ ಕೊಂಡಿ ಎತ್ತಕ್ಕಾಗದೇ ಇರೋದನ್ನ ನಾವು ಸಾಧು ಅಂತೀವಿ. ಜ್ವರ ಬಂದು ಮೂಲೇಲಿ ಮಲಗಿರೋ ಮಗು ನೋಡಿ ಎಷ್ಟು ಗಲಾಟೆ ಇಲ್ದಿರೋ ಮಗು ಅಂದಂಗಾಯ್ತು.

ಜಿರಳೆರಾಜ
ಹಂಗಾದ್ರೆ ನಂದು ಮೂರು ವರ್ಷ ಹೆಂಗ್ ಬದುಕ್ತು? ಪುಸ್ತಕದ ಲೆಕ್ಕ ಬೇರೆ ಗುರೂ, ಮನೆ ಲೆಕ್ಕ ಬೇರೆ.

ಕಲ್ಲುಸಂದಿ
ನಿಮ್ಮ ರೂಮ್ ಟೆಂಪರೇಚರ್ ಎಷ್ಟು?

ಜಿರಳೆರಾಜ
27-28

ಸುಮ್ನೆ_ಬಂದೆ
😂😂😂 ಮುಗೀತು

ಜಿರಳೆರಾಜ
ನಗೋದೇನಿದೆ ಅದ್ರಲ್ಲಿ, ನಾನು ರೂಮ್ ಟೆಂಪರೇಚರ್ ಅಂತಾನೇ ಹೇಳಿದ್ದು. ಸುಳ್ಳೇನ್ ಹೇಳಿಲ್ಲ.

ಥರ್ಮಾಮೀಟರ್_ತಾತ
ಈ "ರೂಮ್ ಟೆಂಪರೇಚರ್" ಅನ್ನೋ ಪದಾನೇ ಚೇಳು ಸಾಕೋರ ಬಾಯಿಂದ ತೆಗೆದ್ಹಾಕ್ಬೇಕು. ಒಬ್ಬೊಬ್ಬರ ರೂಮು ಒಂದೊಂದು ಥರ. ನಂಬರ್ ಹೇಳಿ. ಅದೂ ಗೋಡೆ ಮೇಲೆ ನೇತಾಕಿರೋ ಮೀಟರಿಂದಲ್ಲ, ಪೆಟ್ಟಿಗೆ ಒಳಗೆ, ತಳದಲ್ಲಿ, ಚೇಳು ಕೂರೋ ಜಾಗದ್ದು. ನೆಲದ ಹತ್ರ ಯಾವಾಗ್ಲೂ ಎರಡು ಡಿಗ್ರಿ ಕಮ್ಮೀನೇ ಇರತ್ತೆ ನಮ್ಮನೇಲಿ. ಚಳಿಮನೆ, ನೀವು ಚೇಳು ತರೋ ಮುಂಚೆ ಖಾಲಿ ಪೆಟ್ಟಿಗೆ ಇಟ್ಟು ಹದಿನೈದು ದಿನ ಬರ್ಕೊಳ್ಳಮ್ಮ, ಕನಿಷ್ಠ ಗರಿಷ್ಠ ಎರಡೂ ತೋರ್ಸೋ ಮೀಟರ್ ಸಿಗತ್ತೆ.

ಚಳಿಮನೆ
ಅಯ್ಯೋ ನಂಗೆ ಈಗ ಫ್ರೆಂಡ್ ಚೇಳಿನ ಬಗ್ಗೆ ಹೆದರಿಕೆ ಆಗ್ತಿದೆ. ಅದು ಎರಡು ತಿಂಗಳಿಂದ ಏನೂ ತಿಂದಿಲ್ಲ ಅಂತಿದ್ದ. ಈ ಚರ್ಚೆ ಲಿಂಕ್ ಅವನಿಗೆ ಕಳ್ಸಿದೀನಿ. ತಾತ, ಮೀಟರ್ ಐಡಿಯಾ ಚೆನ್ನಾಗಿದೆ, ಮಾಡ್ತೀನಿ.

ಎಂಟ್ಕಾಲಕ್ಕ
ಕಲ್ಲುಸಂದಿ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಬರೀ ಥಂಡಿ ಆದ್ರೆ ಚೇಳು ಹೆಂಗೋ ತಡ್ಕೊಳ್ಳತ್ತೆ, ಥಂಡಿ ಜೊತೆ ಒದ್ದೆ ಸೇರಿದ್ರೆ ಮುಗೀತು. ಕಾಡು ಚೇಳಿಗೆ ತೇವ ಬೇಕು ಅಂತ ಓದಿ ದಿನಾ ನೀರು ಸಿಂಪಡಿಸ್ತಾರೆ, ಪೆಟ್ಟಿಗೆ ಗಾಜು ಬೆವರ್ತಾ ಇರತ್ತೆ, ಗಾಳಿ ಆಡಕ್ಕೆ ತೂತು ಇರಲ್ಲ, 18 ಡಿಗ್ರಿ. ಒಂದು ತಿಂಗಳಲ್ಲಿ ತಳಕ್ಕೆ ಹಾಕಿರೋ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಬಿಳೀ ಬೂಷ್ಟು, ಆಮೇಲೆ ಚೇಳಿನ ಕಾಲಿನ ಕೀಲುಗಳಲ್ಲಿ ಕಪ್ಪು ಕಲೆ. ಅದು ಶುರುವಾದ್ಮೇಲೆ ನಾನು ಉಳಿಸ್ಕೊಂಡಿದ್ದು ಒಂದೇ ಒಂದನ್ನ, ಅದೂ ಒಣಗಿದ ಡಬ್ಬಕ್ಕೆ ಹಾಕಿ, ಬೆಚ್ಚಗಿಟ್ಟು, ದೇವ್ರ ಮೇಲೆ ಭಾರ ಹಾಕಿ.

ಅದೇ ತೇವ 28 ಡಿಗ್ರೀಲಿದ್ರೆ ಆವಿಯಾಗಿ ಹೋಗ್ತಾ ಇರತ್ತೆ, ತೊಂದ್ರೆ ಇಲ್ಲ. ಹಾಗಾಗಿ ತಣ್ಣನೆ ರೂಮಲ್ಲಿ ಇಡೋದಾದ್ರೆ ಒಂದು ಮೂಲೆ ಮಾತ್ರ ಒದ್ದೆ ಮಾಡಿ, ಉಳಿದಿದ್ದು ಒಣ. ಎಲ್ಲಿ ಬೇಕೋ ಅಲ್ಲಿ ಅದೇ ಹೋಗಿ ಕೂತ್ಕೊಳ್ಳತ್ತೆ, ನಮಗಿಂತ ಬುದ್ಧಿ ಜಾಸ್ತಿ ಇದೆ ಅದಕ್ಕೆ.

ಬಸ್ಯಾ_ಹುಳದಾಂವ
ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ. ಸಾಧು ಚೇಳು ಹುಡುಕೂದು ಭಾಳ ಸರಳ ಐತ್ರಿ. ಇಕ್ಕಳ ದಪ್ಪ ಇದ್ದು ಬಾಲ ಸಣ್ಣ ಇತ್ತಂದ್ರ ಸಾಧು. ಇಕ್ಕಳ ಸಣ್ಣ ಇದ್ದು ಬಾಲ ದಪ್ಪ ಇತ್ತಂದ್ರ ಕೈ ಮುಗದು ದೂರ ನಿಂದ್ರೂದು. ಇಕ್ಕಳದಾಗ ಹಿಡದು ಪುಡಿ ಮಾಡೂ ಶಕ್ತಿ ಇದ್ದದ್ದಕ್ಕ ವಿಷ ಯಾಕ ಬೇಕು?

ಎಂಟ್ಕಾಲಕ್ಕ
ಬಸಣ್ಣಾ, ಆ ಲೆಕ್ಕ ಅಂದಾಜಿಗೆ ಸರಿ, ಅದ್ರ ಮೇಲೆ ಜೀವ ಒತ್ತೆ ಇಡಕ್ಕಾಗಲ್ಲ. ಬ್ಯೂಥಿಡೆ ಕುಟುಂಬದಲ್ಲೇ ಅಪಾಯದವು ಜಾಸ್ತಿ, ಅವಕ್ಕೆ ಸಣ್ಣ ಇಕ್ಕಳ ಇರೋದೂ ನಿಜ. ಇರಾನ್ ಕಡೆ ಹೆಮಿಸ್ಕಾರ್ಪಿಯಸ್ ಲೆಪ್ಟುರಸ್ ಅಂತ ಒಂದಿದೆ, ಆ ಕುಟುಂಬದ್ದೇ ಅಲ್ಲ, ಬಾಲ ಕಡ್ಡಿ ಥರ ಸಣ್ಣಗೆ, ನೋಡಿದ್ರೆ ಏನೂ ಮಾಡಲ್ಲ ಅನ್ಸತ್ತೆ. ಕುಟುಕಿದಾಗ ನೋವೂ ಅಷ್ಟಾಗಿ ಗೊತ್ತಾಗಲ್ಲ, ಆಮೇಲೆ ಅಲ್ಲಿನ ಮಾಂಸ ಕೊಳೆಯತ್ತೆ, ರಕ್ತ, ಮೂತ್ರಪಿಂಡ ಎಲ್ಲ ಕೆಡತ್ತೆ, ಜನ ಸತ್ತಿದಾರೆ. ಬಾಲ ಅಳೆದು ಚೇಳು ತರ್ಬೇಡಿ, ಹೆಸರು ಕೇಳಿ ತನ್ನಿ.

ಬಸ್ಯಾ_ಹುಳದಾಂವ
ಅಕ್ಕಾರ, ನಾ ಹೇಳಿದ್ದು ನೂರಕ್ಕ ತೊಂಬತ್ತರ ಮಾತು. ನೀವು ಹತ್ತರಾಗಿಂದ ಒಂದ ಹೆಕ್ಕಿ ತಂದೀರಿ. ಆದ್ರೂ ಒಪ್ಪಿದೆ, ಹೆಸರು ಕೇಳೂದು ಛಲೋ.

ಮೌನಿ7
ಗಾತ್ರ ನೋಡಿ ಮೋಸ ಹೋಗೋದೂ ಅಷ್ಟೇ. ಕೆಂಪು ಚೇಳು, ಹಾಟೆಂಟೋಟ್ಟಾ ಟ್ಯಾಮುಲಸ್, ಅಂಗೈಯಷ್ಟೂ ಇಲ್ಲ, ಸೀದಾ ಹೃದಯಕ್ಕೆ ಹೊಡೆಯತ್ತೆ. ಕೊಂಕಣ ಭಾಗದಲ್ಲಿ ಹಿಮ್ಮತ್‌ರಾವ್ ಬಾವಸ್ಕರ್ ಅನ್ನೋ ಡಾಕ್ಟ್ರು ರಕ್ತದೊತ್ತಡಕ್ಕೆ ಕೊಡೋ ಪ್ರಾಜೋಸಿನ್ ಮಾತ್ರೆ ಕೊಟ್ಟು ಜನರನ್ನ ಉಳಿಸಿದ್ರು, 2022ರಲ್ಲಿ ಪದ್ಮಶ್ರೀ ಬಂತು ಅವರಿಗೆ. ಪಕ್ಕದಲ್ಲಿ ಮೂರು ಪಟ್ಟು ದೊಡ್ಡ ಕರಿ ಚೇಳು ಇಟ್ರೆ ಜನ ಕರೀದಕ್ಕೇ ಹೆದರೋದು.

ಸುಮ್ನೆ_ಬಂದೆ
ಮೇಡಂ ಕೇಳಿದ್ದು ಸಾಧು ಚೇಳು, ಇಲ್ಲಿ ಬರ್ತಿರೋದು ಬರೀ ಜೀವ ತೆಗೆಯೋ ಚೇಳುಗಳ ಪಟ್ಟಿ

ಗೋಡೆಬಿರುಕು
ನಾನು ಪಟ್ಟಿ ಬದಲಾಯಿಸ್ತೀನಿ ತಡೀರಿ. ಪ್ರಶ್ನೇನೇ ಉಲ್ಟಾ ಮಾಡ್ಕೊಳ್ಳಿ. ದೊಡ್ಡ ಚೇಳು ತಂದು ರೂಮು ಬೆಚ್ಚಗೆ ಮಾಡೋದು ಹೆಂಗೆ ಅನ್ನೋ ಬದ್ಲು, ನಿಮ್ಮ ರೂಮಿನ ಚಳಿ ಯಾವ ಚೇಳಿಗೆ ಊರು ಅಂತ ಯೋಚ್ನೆ ಮಾಡಿ. ಉತ್ತರ ಯೂಸ್ಕಾರ್ಪಿಯಸ್ ಮತ್ತೆ ಅದ್ರ ನೆಂಟರು. ದಕ್ಷಿಣ ಯುರೋಪಿನ ಪುಟ್ಟ ಕರಿ ಚೇಳುಗಳು, ಕೆಲವು ಆಲ್ಪ್ಸ್ ಬೆಟ್ಟದಲ್ಲೂ ಇದಾವೆ. ಇದ್ರಲ್ಲಿ ಹಳದಿ ಕೊಂಡಿಯದ್ದೊಂದು, ಫ್ಲೇವಿಕಾಡಿಸ್ ಅಂತ, ಈಗ ಅದನ್ನ ಬೇರೆ ಕುಲಕ್ಕೆ ಹಾಕಿದಾರೆ, ಅದು 19ನೇ ಶತಮಾನದಲ್ಲಿ ಹಡಗಿನ ಸರಕಿನ ಜೊತೆ ಇಂಗ್ಲೆಂಡಿಗೆ ಹೋಗಿ ಕೆಂಟ್ ಪ್ರಾಂತ್ಯದ ಶೀರ್ನೆಸ್ ಬಂದರಿನ ಗೋಡೆಗಳಲ್ಲಿ ಸೇರ್ಕೊಂಡ್ಬಿಡ್ತು. ಇವತ್ತಿಗೂ ಅಲ್ಲೇ ಇದೆ. ಆ ಚಳಿ, ಆ ಮಳೆ, ಆ ಗಾಳಿ, ಯಾರ್ ಹೀಟ್ ಮ್ಯಾಟ್ ಹಾಕಿದ್ರು ಅದಕ್ಕೆ?

ಅದರ ಬದುಕು ಹೆಂಗಂದ್ರೆ, ಇಟ್ಟಿಗೆ ಬಿರುಕಲ್ಲಿ ಕೂತಿರೋದು, ರಾತ್ರಿ ಬಾಗಿಲಿಗೆ ಬರೋದು, ಇಕ್ಕಳ ಎರಡೂ ಹೊರಗೆ ಚಾಚ್ಕೊಂಡು ಕಾಯೋದು. ಒದ್ದೆ ಕಲ್ಲಿನಡಿ ಇರ್ತಾವಲ್ಲ ಬೂದು ಬಣ್ಣದ ಹದಿನಾಲ್ಕು ಕಾಲಿನ ಹುಳ, ಅದು ಹಾದು ಹೋದ್ರೆ ಲಬಕ್. ಇಲ್ಲಾಂದ್ರೆ ಇಲ್ಲ, ನಾಳೆ ನೋಡೋಣ. ತಿಂಗಳುಗಟ್ಟಲೆ ಏನೂ ಸಿಗದಿದ್ರೂ ನಡಿಯತ್ತೆ. ಕುಟುಕೋದು ತೀರಾ ಅಪರೂಪ, ಕುಟುಕಿದ್ರೂ ಮಾಮೂಲಿ ಜನಕ್ಕೆ ಜೇನು ಕಚ್ಚಿದಷ್ಟೂ ಆಗಲ್ಲ. ನನ್ ಹತ್ರ ಆರು ವರ್ಷದಿಂದ ಇವೇ ಇರೋದು, ಒಂದ್ಸಲಾನೂ ಕುಟುಕಿಲ್ಲ. 16 ಡಿಗ್ರೀಲೂ ರಾತ್ರಿ ಬಾಗಿಲಿಗೆ ಬಂದು ಕೂತಿರತ್ತೆ. ಹಾಂ, 30 ಡಿಗ್ರಿಯಲ್ಲಿ ಇಟ್ರೆ ಕೊರಗತ್ತೆ, ಅದು ಉಲ್ಟಾ ಕೇಸು.

ಚಳಿಮನೆ
ಕೇಳಕ್ಕೆ ತುಂಬಾ ಚೆನ್ನಾಗಿದೆ. ಎಷ್ಟು ದೊಡ್ಡದಾಗತ್ತೆ?

ಗೋಡೆಬಿರುಕು
ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಬಾಲ ಸೇರಿ.

ಚಳಿಮನೆ
ಬಾಲ ಸೇರಿನಾ 😭

ಜಿರಳೆರಾಜ
ಅದಕ್ಕಿಂತ ದೊಡ್ಡದು ನನ್ ಜಿರಳೆಗಳಿದಾವೆ. ಚೇಳು ಜಿರಳೆ ತಿನ್ನತ್ತೋ ಜಿರಳೆ ಚೇಳು ತಿನ್ನತ್ತೋ.

ಗೋಡೆಬಿರುಕು
ನಗಿ ನಗಿ. ನಿಮ್ಮ ಎಂಪರರ್ 20 ಸೆಂಟಿಮೀಟರ್ ಇರ್ಬೋದು, ದಿನಕ್ಕೆ ಎಷ್ಟೊತ್ತು ಕಾಣತ್ತೆ ಹೇಳಿ? ಮರದ ತೊಗಟೆ ಅಡಿ ನಾಲ್ಕು ದಿನ ಹೊಕ್ಕೊಂಡ್ರೆ ನೀವು ನೋಡೋದು ಮಣ್ಣನ್ನ. ನನ್ನವು ದಿನಾ ರಾತ್ರಿ ಬಾಗಿಲಿಗೆ ಹಾಜರ್.

ಜಿರಳೆರಾಜ
ಅದೊಂದು ನಿಜ. ದೊಡ್ಡ ಗಾಜಿನ ಪೆಟ್ಟಿಗೆ ಮುಂದೆ ಬಂದೋರನ್ನ ನಿಲ್ಲಿಸಿ "ಆ ತೂತು ಕಾಣ್ತಿದ್ಯಲ್ಲ, ಅದ್ರಲ್ಲಿದೆ" ಅನ್ನೋದೇ ನನ್ ಕೆಲ್ಸ ಆಗೋಗಿದೆ.

ಕಲ್ಲುಸಂದಿ
ಫ್ಲ್ಯಾಟ್ ರಾಕ್ ಬಗ್ಗೆ ಯಾರೂ ಮಾತಾಡ್ಲಿಲ್ಲ, ನನ್ ಹೆಸರೇ ಅದರಿಂದ ಬಂದಿದ್ದು, ನಾನೇ ಹೇಳ್ಬೇಕು. ಹ್ಯಾಡೊಜೆನಿಸ್. ದಕ್ಷಿಣ ಆಫ್ರಿಕಾ ಕಡೆಯ ಬಂಡೆ ಸಂದಿಗಳಲ್ಲಿ ಇರೋದು. ಮೈ ಕಾಗದದ ಥರ ಚಪ್ಪಟೆ, ಇಕ್ಕಳ ಅಗಲ, ಬಾಲ ಉದ್ದ ಆದ್ರೆ ದಾರದಂಗೆ. ಟ್ರೋಗ್ಲೊಡೈಟಿಸ್ ಅನ್ನೋ ಜಾತಿಯ ಗಂಡು 20 ಸೆಂಟಿಮೀಟರ್ ದಾಟತ್ತೆ, ಪ್ರಪಂಚದ ಉದ್ದದ ಚೇಳುಗಳಲ್ಲಿ ಒಂದು. ವಿಷ ಎಷ್ಟು ಕಮ್ಮಿ ಅಂದ್ರೆ ಅದಕ್ಕೇ ಗೊತ್ತು, ಕೊಂಡಿ ಬಳಸೋ ಗೋಜಿಗೇ ಹೋಗಲ್ಲ, ಹೆದರಿಸಿದ್ರೆ ಇನ್ನೂ ಒಳಗೆ ಸಂದಿಗೆ ಒತ್ಕೊಳ್ಳತ್ತೆ. ಸಾಧು ಅಂದ್ರೆ ನಿಜವಾದ ಸಾಧು ಇದು, ಬೆಚ್ಚಗಿದ್ದಾಗ್ಲೂ ಸಾಧು. ಅದೇ ನನ್ನ ಪರೀಕ್ಷೆ: 28 ಡಿಗ್ರೀಲಿ ಹೆಂಗಿರತ್ತೋ ಅದು ಅದರ ಸ್ವಭಾವ, 18ರಲ್ಲಿ ಇರೋದು ಬರೀ ಅವಸ್ಥೆ.

ಆದ್ರೆ ಚಳಿ? ರಾತ್ರಿ 17ಕ್ಕೆ ಇಳಿದ್ರೆ ತಲೆ ಕೆಡಿಸ್ಕೊಳ್ಳಲ್ಲ, ಅದರ ಊರಲ್ಲೂ ರಾತ್ರಿ ಚಳಿ ಇದೆ. ಹಗಲು ಮಾತ್ರ ಬಿಸಿಲಿಗೆ ಕಾದ ಬಂಡೆ ಇರತ್ತಲ್ಲ, ಅದು ಬೇಕು. ವರ್ಷವಿಡೀ 19 ಅಂದ್ರೆ ಇದೂ ಬೇಡ. ಹಗಲು ಆರೆಂಟು ಗಂಟೆ ಒಂದು ಬದಿ 26-27 ಮಾಡಕ್ಕೆ ನೀವು ಒಪ್ಪಿದ್ರೆ ನನ್ನ ವೋಟು ಇದಕ್ಕೇ.

ಎಂಟ್ಕಾಲಕ್ಕ
ಹ್ಯಾಡೊಜೆನಿಸ್ ಚೆನ್ನಾಗಿದೆ, ಆದ್ರೆ ಬರೋದರಲ್ಲಿ ಬಹುಪಾಲು ಬಂಡೆ ಎಬ್ಬಿಸಿ ಹಿಡಿದು ತಂದವೇ. ಗರ್ಭ ಹೊತ್ತು ಮರಿ ಹಾಕಕ್ಕೆ ವರ್ಷಕ್ಕಿಂತ ಜಾಸ್ತಿ ತಗೊಳ್ಳತ್ತೆ, ಮರಿ ದೊಡ್ಡದಾಗಕ್ಕೂ ವರ್ಷಗಳೇ ಬೇಕು, ಹಾಗಾಗಿ ಸಾಕಿ ಬೆಳೆಸಿ ಮಾರೋರು ಕಮ್ಮಿ. ಬಂಡೆ ಒಂದ್ಸಲ ಎಬ್ಬಿಸಿದ್ರೆ ಆ ಸಂದಿ ಮತ್ತೆ ಹಂಗೇ ಕೂರಲ್ಲ, ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಎಂಪರರ್ ಕಥೇನೂ ಇದೇ ಆಗಿತ್ತು, ಕಾಡಿಂದ ಹಿಡಿದು ಹಿಡಿದು ಸಾಗಿಸಿದ್ದಕ್ಕೇ 1995ರಲ್ಲಿ ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದ್ದು, ದೇಶದಿಂದ ದೇಶಕ್ಕೆ ಹೋಗಕ್ಕೆ ಪರ್ಮಿಟ್ ಬೇಕು.

ಕಲ್ಲುಸಂದಿ
ಒಪ್ತೀನಿ ಅಕ್ಕ. ನನ್ ಹತ್ರ ಇರೋದರಲ್ಲಿ ಎರಡು ಹಂಗೇ ಬಂದಿದ್ದು, ಆಗ ಕೇಳೋ ಬುದ್ಧಿ ಇರ್ಲಿಲ್ಲ.

ಥರ್ಮಾಮೀಟರ್_ತಾತ
ಕಲ್ಲು ಜೋಡಿಸೋರಿಗೊಂದು ಮಾತು. ಚಪ್ಪಡಿಗಳನ್ನ ಸಿಲಿಕೋನ್ ಹಾಕಿ ಗಟ್ಟಿಯಾಗಿ ಅಂಟಿಸಿ, ಮೊದ್ಲು ಕಲ್ಲು ತಳಕ್ಕೆ ಕೂರಿಸಿ ಆಮೇಲೆ ಮಣ್ಣು ಹಾಕಿ. ನಾನು ಮಣ್ಣಿನ ಮೇಲೆ ಕಲ್ಲಿಟ್ಟಿದ್ದೆ, ಚೇಳು ಅಡಿಯಿಂದ ಕೆರ್ಕೊಂಡು ಹೋಯ್ತು, ಕಲ್ಲು ಕೂತ್ಕೊಳ್ತು. ಆ ಬೆಳಿಗ್ಗೆ ಇನ್ನೂ ಮರೆತಿಲ್ಲ.

ಹೊಸಬ_ಹುಳ
ಡೆಸರ್ಟ್ ಹೇರಿ ಹೆಂಗೆ? ಮರುಭೂಮೀಲಿ ರಾತ್ರಿ ಚಳಿ ಇರತ್ತಲ್ವಾ, ಅದಕ್ಕೆ ಅಭ್ಯಾಸ ಇರ್ಬೋದು

ಕಲ್ಲುಸಂದಿ
ಹ್ಯಾಡ್ರೂರಸ್ ಅರಿಜೋನೆನ್ಸಿಸ್. ಹಗಲು ಸುಡೋ ಬಿಸಿ ಇದ್ರೆ ರಾತ್ರಿ ಚಳಿ ಓಕೆ. ಅದಲ್ದೇ ಅದಕ್ಕೆ ಸಿಟ್ಟು ಮೂಗಿನ ತುದೀಲಿ. ಜೀವಕ್ಕೆ ಅಪಾಯ ಇಲ್ಲ, ಆದ್ರೆ ಸಾಧು ಅಂತ ಕೇಳ್ದೋರಿಗೆ ಅದನ್ನ ಹೇಳಿದ್ದು ಯಾರಪ್ಪ.

ಬಸ್ಯಾ_ಹುಳದಾಂವ
ಮಾರಾವ್ರಿಗೆ ಎಲ್ಲಾ ಸಾಧುನ ರೀ. ಏಶ್ಯನ್ ಫಾರೆಸ್ಟ್ ಅಂತ ಕರಿ ಚೇಳು ಕೊಡ್ತಾರ, ಎಂಪರರ್ ತಮ್ಮ ಇದ್ದಂಗ ಅಂತಾರ. ತಮ್ಮ ಏನೋ ಖರೆ, ಆದ್ರ ಜಗಳಗಂಟ ತಮ್ಮ. ನಂದು ನೀರಿನ ಬಟ್ಟಲಾ ಎತ್ತಾಕ ಹೋದ್ರ ಬಟ್ಟಲಾನ ಹಿಡಕೊಂಡು ಜಗ್ಗತೈತಿ. ಅದರಾಗ ಯಾವ ಜಾತಿ ಅಂತ ಕೇಳಿದ್ರ ಒಬ್ಬರಿಗೂ ಗೊತ್ತಿಲ್ಲ, 2020ರಾಗ ಆ ಹೆಟರೋಮೆಟ್ರಸ್ ಅನ್ನೂ ಕುಲಾನ ಒಡದು ಬ್ಯಾರೆ ಬ್ಯಾರೆ ಮಾಡ್ಯಾರ, ಅಂಗಡಿ ಚೀಟಿ ಮ್ಯಾಲ ಇನ್ನೂ ಹಳೇ ಹೆಸರು.

ಮೌನಿ7
ನಾಲ್ಕು ಸೆಂಟಿಮೀಟರ್ ಸಣ್ಣದು, 20 ಸೆಂಟಿಮೀಟರ್ ಬೆಚ್ಚಗೆ ಬೇಕು ಅಂದ್ರೆ ಮಧ್ಯದ್ದೊಂದು ಇದೆ. ಯುರಾಕ್ಟೋನಸ್ ಮೋರ್ಡ್ಯಾಕ್ಸ್. ಅಮೆರಿಕದ ಪಶ್ಚಿಮ ಕರಾವಳಿ, ಕ್ಯಾಲಿಫೋರ್ನಿಯಾದಿಂದ ಮೇಲೆ ವಾಷಿಂಗ್ಟನ್ ತನಕ, ಮಂಜು ಮುಸುಕಿರೋ ತಣ್ಣನೆ ಕಾಡು, ಕೊಳೆತ ಮರದ ದಿಮ್ಮಿ, ಕಲ್ಲಿನಡಿ. ಐದಾರು ಸೆಂಟಿಮೀಟರ್. ಇಕ್ಕಳ ಮೈಗಿಂತ ದೊಡ್ಡದು ಅನ್ನೋ ಥರ ಕಾಣತ್ತೆ, ಕಪ್ಪು ಮಿಶ್ರಿತ ಕಂದು ಬಣ್ಣ. ಕೊಂಡಿಗಿಂತ ಇಕ್ಕಳ ನಂಬ್ಕೊಂಡಿರೋ ಚೇಳು, ಜೋರಾಗಿ ಚಿವುಟತ್ತೆ ಅಷ್ಟೇ. ನಿಮ್ಮ 17-20 ಅದಕ್ಕೆ ಹಬ್ಬ. ಒಂದು ಬದಿ ಸದಾ ತೇವ ಇರ್ಲಿ, ಗಾಳಿ ಚೆನ್ನಾಗಿ ಆಡ್ಲಿ.

ಹೊಸಬ_ಹುಳ
ಕೆನಡಾದಲ್ಲೂ ಚೇಳಿದ್ಯಂತೆ ಹೌದಾ?? ಹಿಮ ಬೀಳೋ ಕಡೆ ಚೇಳು ಹೆಂಗೆ

ಮೌನಿ7
ಇದೆ. ಪ್ಯಾರುರಾಕ್ಟೋನಸ್ ಬೊರಿಯಸ್. ಆಲ್ಬರ್ಟಾ, ಸಸ್ಕಾಚೆವಾನ್ ತನಕ ಇದೆ, ಉತ್ತರ ಅಮೆರಿಕದಲ್ಲಿ ಅಷ್ಟು ಮೇಲೆ ಇನ್ಯಾವ ಚೇಳೂ ಇಲ್ಲ. ಚಳಿಗಾಲ ಪೂರ್ತಿ ಬಿಲದೊಳಗೆ. ಆದ್ರೆ ಅದು ಚುರುಕು, ಮರಳಲ್ಲಿ ಬಿಲ ತೋಡೋದು, ಮೋರ್ಡ್ಯಾಕ್ಸಷ್ಟು ಸಮಾಧಾನಿ ಅಲ್ಲ.

ಜಿರಳೆರಾಜ
ಸಮಾಧಾನಿ ಅಂದ್ರೆ ಕೈ ಮೇಲೆ ಬಿಟ್ಕೋಬೋದಾ? ಎಲ್ಲರೂ ಸಾಧು ಸಾಧು ಅಂತೀರಿ, ಕೈಯಲ್ಲಿ ಹಿಡಿಯಕ್ಕಾಗದಿದ್ರೆ ಸಾಧು ಆಗಿದ್ದು ಏನ್ ಪ್ರಯೋಜನ

ಎಂಟ್ಕಾಲಕ್ಕ
ಶುರುವಾಯ್ತು. ಕೈ ಮೇಲೆ ಬಿಟ್ಕೊಳ್ಳೋದ್ರಿಂದ ಚೇಳಿಗೆ ಏನೂ ಸಿಗಲ್ಲ, ನಿಮಗೊಂದು ಫೋಟೋ ಸಿಗತ್ತೆ. ಅದಕ್ಕೆ ನಿಮ್ಮ ಕೈ ಅಂದ್ರೆ ಬಿಸಿ ಆಗಿ ಅಲ್ಲಾಡೋ ನೆಲ. ಎದೆ ಎತ್ತರದಿಂದ ಬಿದ್ರೆ ಹೊಟ್ಟೆ ಒಡೆದು ಸಾಯತ್ತೆ, ಚೇಳು ಕುಟುಕಿ ಸತ್ತ ಮನುಷ್ಯರಿಗಿಂತ ಕೈಯಿಂದ ಬಿದ್ದು ಸತ್ತ ಚೇಳುಗಳನ್ನೇ ನಾನು ಜಾಸ್ತಿ ಕಂಡಿರೋದು. ಪೆಟ್ಟಿಗೆ ತೊಳೆಯೋವಾಗ ಒಂದು ಡಬ್ಬ ಮುಚ್ಚಿ ಅಡಿಗೆ ರಟ್ಟು ತೂರ್ಸಿ ಎತ್ತಿ, ಇಲ್ಲ ಉದ್ದ ಚಿಮಟದ ತುದಿಗೆ ಸ್ಪಾಂಜ್ ಸುತ್ತಿ ಬಾಲದಲ್ಲಿ ಮೆಲ್ಲಗೆ ಹಿಡೀರಿ.

ದೂರದಿಂದ_ನೋಡೋನು
ಅಲರ್ಜಿ ಮಾತು ಯಾರೂ ಎತ್ತಿಲ್ಲ. ನಂಗೆ ಕಣಜ ಕಚ್ಚಿದ್ರೆ ಮುಖ ಊದಿ ಉಸಿರು ಕಟ್ಟತ್ತೆ. ವಿಷ ಕಮ್ಮಿ ಜೇನಿನಷ್ಟೇ ಅನ್ನೋದು ಎಲ್ರಿಗೂ ಒಂದೇ ಥರ ಅಲ್ಲ, ಜೇನೇ ಕೆಲವರ ಪ್ರಾಣ ತೆಗೆಯತ್ತೆ. ಸಾಧು ಚೇಳು ಅಂದ್ರೂ ಕುಟುಕಿದ್ಮೇಲೆ ಉಸಿರಾಟದಲ್ಲಿ ಏನಾದ್ರೂ ವ್ಯತ್ಯಾಸ ಆದ್ರೆ ಇಲ್ಲಿ ಬಂದು ಪೋಸ್ಟ್ ಹಾಕ್ಕೊಂಡು ಕೂರ್ಬೇಡಿ, ಆಸ್ಪತ್ರೆಗೆ ಓಡಿ. ನಾನಂತೂ ಬೇರೆಯವರ ಫೋಟೋ ನೋಡ್ಕೊಂಡೇ ಖುಷಿಯಾಗಿದೀನಿ.

ಸುಮ್ನೆ_ಬಂದೆ
ಇಡೀ ಚರ್ಚೆಯಲ್ಲಿ ಬುದ್ಧಿವಂತ ಇವರೊಬ್ರೇ

ಥರ್ಮಾಮೀಟರ್_ತಾತ
ಹೀಟ್ ಮ್ಯಾಟ್ ಹೆದರಿಕೆ ಬಗ್ಗೆ ಹೇಳ್ತೀನಿ, ಯಾಕಂದ್ರೆ ಆ ಹೆದರಿಕೆ ಸುಳ್ಳಲ್ಲ. ಥರ್ಮೋಸ್ಟಾಟ್ ಇಲ್ದೇ ಬರೀ ಮ್ಯಾಟ್ ಹಾಕೋದು ಬ್ರೇಕಿಲ್ಲದ ಗಾಡಿ. ಥರ್ಮೋಸ್ಟಾಟಿನ ಬಿಸಿ ಅಳೆಯೋ ಕಡ್ಡಿ ಮ್ಯಾಟಿಗೂ ಗಾಜಿಗೂ ನಡುವೆ ಇರ್ಬೇಕು. ಮತ್ತೆ ಮ್ಯಾಟನ್ನ ಪೆಟ್ಟಿಗೆ ತಳಕ್ಕೆ ಹಾಕ್ಬಾರ್ದು, ಪಕ್ಕದ ಗೋಡೆಗೆ ಹೊರಗಿಂದ ಅಂಟಿಸ್ಬೇಕು. ಚೇಳಿನ ಅಜ್ಜ ಮುತ್ತಜ್ಜ ಕಲಿತಿರೋ ಪಾಠ ಒಂದೇ, ಮೇಲೆ ಬಿಸಿ ಆದ್ರೆ ಕೆಳಗೆ ತೋಡ್ಕೊಂಡು ಹೋಗು, ಕೆಳಗೆ ತಂಪಿದೆ. ನೀವು ತಳದಿಂದ ಕಾಯ್ಸಿದ್ರೆ ಬಿಸಿ ತಪ್ಪಿಸ್ಕೊಳ್ಳಕ್ಕೆ ಬಿಸಿ ಕಡೆಗೇ ತೋಡತ್ತೆ ಪಾಪ.

ಇಷ್ಟೆಲ್ಲ ಬೇಡ ಅನ್ನೋದಾದ್ರೆ ಮೌನಿ ಹೇಳಿದ್ದೋ ಬಿರುಕಣ್ಣ ಹೇಳಿದ್ದೋ ತಗೊಂಡು ನೆಮ್ಮದಿಯಾಗಿರಿ. ಹೀಟರ್ ಇಡಲ್ಲ, ಎಂಪರರ್ ಬೇಕು ಅನ್ನೋದು ಮಾತ್ರ ಆಗದ ಮಾತು.

ಗೋಡೆಬಿರುಕು
ಒಂದು ಮುಖ್ಯ ಎಚ್ಚರಿಕೆ ಮರೆತಿದ್ದೆ. ಸಣ್ಣ ಚೇಳು ಅಂದ್ರೆ ಸಣ್ಣ ಸಂದೀಲೂ ತೂರತ್ತೆ. ನೀಟಾಗಿರೋ ಗಾಜು ಹತ್ತಲ್ಲ, ಆದ್ರೆ ಮೂಲೆಗಳಲ್ಲಿ ಸಿಲಿಕೋನ್ ಪಟ್ಟಿ ಇರತ್ತಲ್ಲ, ಅದು ಅದಕ್ಕೆ ಏಣಿ. ಮುಚ್ಚಳ ಬಿಗಿಯಾಗಿರ್ಲಿ. ನನ್ನದೊಂದು ತಪ್ಪಿಸ್ಕೊಂಡು ಹನ್ನೊಂದು ದಿನ ಆದ್ಮೇಲೆ ಯುವಿ ಟಾರ್ಚ್ (ಅದರ ನೇರಳಾತೀತ ಬೆಳಕು ಬಿದ್ರೆ ಚೇಳು ಹೊಳೆಯತ್ತೆ) ಹಾಕ್ಕೊಂಡು ಕತ್ತಲಲ್ಲಿ ಹುಡುಕಿದಾಗ ಬಾಗಿಲ ಚೌಕಟ್ಟಿನ ಬಿರುಕಲ್ಲಿ ಹಸಿರಾಗಿ ಹೊಳೀತಾ ಕೂತಿತ್ತು, ಇಕ್ಕಳ ಹೊರಗೆ ಚಾಚ್ಕೊಂಡು, ಬಾಡಿಗೆಗೆ ಬಂದೋರ ಥರ.

ಹೊಸಬ_ಹುಳ
ಎಲ್ಲ ಚೇಳೂ ಹೊಳೆಯತ್ತಾ? ನಂದು ಮೊನ್ನೆ ಹೊಳೀಲೇ ಇಲ್ಲ, ಟಾರ್ಚ್ ಕೆಟ್ಟಿದ್ಯೇನೋ

ಎಂಟ್ಕಾಲಕ್ಕ
ಪೊರೆ ಬಿಟ್ಟಿದ್ಯಾ ನೋಡಿ. ಹೊಸ ಚಿಪ್ಪು ಗಟ್ಟಿಯಾಗೋ ತನಕ ಹೊಳೆಯಲ್ಲ. ಹಂಗಿದ್ರೆ ಒಂದು ವಾರ ಮುಟ್ಬೇಡಿ, ಒಳಗೆ ಹುಳ ಬಿಟ್ಟಿದ್ರೆ ಈಗ್ಲೇ ತೆಗೀರಿ, ಮೆತ್ತಗಿರೋ ಚೇಳನ್ನ ಕ್ರಿಕೆಟ್ ಹುಳಾನೇ ಕಡ್ಕೊಂಡು ತಿಂದ್ಬಿಡತ್ತೆ. ಯುವಿ ಟಾರ್ಚನ್ನೂ ಗಂಟೆಗಟ್ಟಲೆ ಬಿಡ್ಬೇಡಿ, ಅದಕ್ಕೆ ಹಿಂಸೆ.

ಹೊಸಬ_ಹುಳ
ಹೌದು!! ಮೂಲೇಲಿ ಪೊರೆ ಬಿದ್ದಿದೆ!! ನಾನು ಅದನ್ನ ಇನ್ನೊಂದು ಚೇಳು ಅಂದ್ಕೊಂಡು ಬೆಚ್ಚಿಬಿದ್ದೆ

ಜಿರಳೆರಾಜ
ಕ್ರಿಕೆಟ್ ಹುಳ ತರ್ಬೇಡಿ, ರಾತ್ರಿಯಿಡೀ ಕಿರಿಕಿರಿ. ಜಿರಳೆ ಶಬ್ದ ಮಾಡಲ್ಲ, ಮರ್ಯಾದಸ್ತ ಪ್ರಾಣಿ.

ಬಸ್ಯಾ_ಹುಳದಾಂವ
ಜಿರಳಿಗೆ ಮರ್ಯಾದಿ ಸರ್ಟಿಫಿಕೇಟ್ ಕೊಟ್ಟ ಮೊದಲನೇ ಮನಷ್ಯಾ ನೀವು.

ಚಳಿಮನೆ
ಹದಿನೈದು ದಿನ ಆಯ್ತು, ಬಂದೆ. ತಾತ ಹೇಳಿದಂಗೆ ಖಾಲಿ ಪೆಟ್ಟಿಗೆ ಇಟ್ಟು ದಿನಾ ಬರ್ಕೊಂಡೆ. ನಾನು 17 ಅಂದ್ಕೊಂಡಿದ್ದ ರಾತ್ರಿ ಪೆಟ್ಟಿಗೆ ತಳದಲ್ಲಿ 14.5 ಇರತ್ತೆ! ಹಗಲು 18 ದಾಟಿದ್ದೇ ನಾಲ್ಕು ದಿನ. ಇದ್ರಲ್ಲಿ ಎಂಪರರ್ ಇಟ್ಟಿದ್ರೆ ಏನಾಗ್ತಿತ್ತೋ.

ಇನ್ನು ಫ್ರೆಂಡ್ ಕಥೆ. ಅವನು ಈ ಚರ್ಚೆ ಓದಿ ಅವತ್ತೇ ಥರ್ಮೋಸ್ಟಾಟ್ ಸಮೇತ ಮ್ಯಾಟ್ ಹಾಕಿದ. ಪಕ್ಕದ ಗೋಡೆಗೇ ಹಾಕಿದಾನೆ ತಾತ. ಮೂರು ದಿನ ಏನೂ ಇಲ್ಲ. ನಾಲ್ಕನೇ ದಿನ ಪೆಟ್ಟಿಗೆಯಲ್ಲಿ ಓಡಾಟ. ಆರನೇ ದಿನ ಜಿರಳೆ ಬಿಟ್ರೆ ಎರಡು ತಿಂಗಳಿಂದ ತಿನ್ನದೇ ಇದ್ದಿದ್ದು ಒಂದೇ ಸಲಕ್ಕೆ ಹಿಡಿದು ಇಕ್ಕಳದಲ್ಲೇ ಪುಡಿ ಮಾಡ್ತಂತೆ. ಮಾರನೇ ದಿನ ಇವನು ಅಭ್ಯಾಸಬಲದಲ್ಲಿ ಕೈ ಹಾಕಕ್ಕೆ ಹೋಗಿದಾನೆ, ಎರಡೂ ಇಕ್ಕಳ ಅಗಲಿಸ್ಕೊಂಡು, ಬಾಲ ಎತ್ಕೊಂಡು ಎದುರಿಗೆ ನಿಂತಿದೆ. ಇವನಿಗೆ ಬೇಜಾರು, ನನ್ ಚೇಳು ಕೆಟ್ಟೋಯ್ತು, ಮೊದ್ಲು ಎಷ್ಟು ಚೆನ್ನಾಗಿತ್ತು ಅಂತಾನೆ 😅

ಕಲ್ಲುಸಂದಿ
ಅವನಿಗೆ ಹೇಳಿ, ಚೇಳು ಇವತ್ತೇ ಮನೆಗೆ ಬಂದಿದೆ ಅಂತ.

ಥರ್ಮಾಮೀಟರ್_ತಾತ
14.5! ಬರ್ಕೊಂಡಿದ್ದಕ್ಕೆ ಶಭಾಷ್. ಆ ಪೆಟ್ಟಿಗೆ ನೆಲದ ಮೇಲಿದ್ರೆ ಮೇಜಿನ ಮೇಲಿಡು, ಅಡಿಗೆ ಥರ್ಮಾಕೋಲ್ ಹಾಕು, ಒಂದೆರಡು ಡಿಗ್ರಿ ಹಂಗೇ ಏರತ್ತೆ, ಕರೆಂಟೂ ಬೇಡ.

ಮೌನಿ7
14.5 ಅಂದ್ರೆ ಮೋರ್ಡ್ಯಾಕ್ಸ್, ಇಲ್ಲ ಬಿರುಕಣ್ಣನ ಯೂಸ್ಕಾರ್ಪಿಯಸ್, ಎರಡೇ. ಚಳಿ ಜಾಸ್ತಿ ಆದ ತಿಂಗಳು ತಿನ್ನೋದು ಕಮ್ಮಿ ಮಾಡತ್ತೆ, ಹೆದರ್ಬೇಡಿ. ಹದಿನೈದು ದಿನಕ್ಕೊಂದು ಸಣ್ಣ ಹುಳ ಇಟ್ಟು ನೋಡಿ, ಬೆಳಿಗ್ಗೆ ಹಂಗೇ ಇದ್ರೆ ತೆಗೆದುಬಿಡಿ. ನೀರಿನ ಬಟ್ಟಲು ಮಾತ್ರ ಖಾಲಿ ಆಗ್ಬಾರ್ದು.

ಚಳಿಮನೆ
ಮೋರ್ಡ್ಯಾಕ್ಸ್ ಇಟ್ಕೊಂಡಿರೋರು ನಂಗೆ ಯಾರೂ ಸಿಗ್ಲಿಲ್ಲ. ಗೋಡೆಬಿರುಕು ಅವರಿಗೆ ಮೆಸೇಜ್ ಮಾಡಿದ್ದೆ. ಅವರ ಹತ್ರ ಒಂದು ತಾಯಿ ಚೇಳು ಮರಿ ಹಾಕಿದ್ಯಂತೆ, ಎಲ್ಲಾ ಇನ್ನೂ ಅಮ್ಮನ ಬೆನ್ನ ಮೇಲೇ ಇದಾವಂತೆ. ಒಂದ್ಸಲ ಪೊರೆ ಬಿಟ್ಟು ಕೆಳಗಿಳಿದು, ತಾವೇ ಬೇಟೆ ಆಡಕ್ಕೆ ಶುರು ಮಾಡಿದ್ಮೇಲೆ ಕೊಡ್ತೀನಿ ಅಂದಿದಾರೆ. ನಮ್ಮ ಕಡೆ ಸಾಕಕ್ಕೆ ಅನುಮತಿ ಬೇಕಾ ಅಂತಾನೂ ಅಷ್ಟ್ರಲ್ಲಿ ವಿಚಾರಿಸ್ಕೋ ಅಂದ್ರು, ಅರ್ಜಿ ಹಾಕಿದೀನಿ. ನಾಲ್ಕು ಸೆಂಟಿಮೀಟರೇ ಇರ್ಲಿ ಬಿಡಿ. ಇಟ್ಟಿಗೆ ಚೂರು, ಕಲ್ಲು ಎಲ್ಲ ಅಂಟಿಸಿ ಗೋಡೆ ಥರ ಮಾಡ್ತಿದೀನಿ.

ಗೋಡೆಬಿರುಕು
ಬಿರುಕು ಮುಂದಿನ ಗಾಜಿನ ಕಡೆಗೆ ತೆರೆದಿರೋ ಥರ ಮಾಡಿ, ಇಲ್ಲಾಂದ್ರೆ ಬೆನ್ನು ತೋರಿಸ್ಕೊಂಡು ಕೂರತ್ತೆ. ಅಗಲ ಜಾಸ್ತಿ ಬೇಡ, ಅದರ ಬೆನ್ನಿಗೂ ಹೊಟ್ಟೆಗೂ ಎರಡೂ ಕಡೆ ಕಲ್ಲು ತಾಗ್ತಿರ್ಬೇಕು, ಆಗ್ಲೇ ಅದಕ್ಕೆ ಧೈರ್ಯ.

ಜಿರಳೆರಾಜ
ಪೆಟ್ಟಿಗೆ ಫೋಟೋ ಹಾಕಿ ಮೇಡಂ

ಚಳಿಮನೆ
ಇನ್ನೂ ಖಾಲಿ ಇದೆ

ಜಿರಳೆರಾಜ
ಪರ್ವಾಗಿಲ್ಲ ಹಾಕಿ, ಚೇಳು ಬಂದ್ಮೇಲೂ ಹಗಲೊತ್ತು ಹಂಗೇ ಕಾಣೋದು